ಜೋಗಕ್ಕೆ ಹೊದಿಸಿದ ರೇಷ್ಮೆ

ಜಲಪಾತದ ಚಿತ್ರವಿಲ್ಲದ ಮನೆ ಈಗ ಅಪರೂಪ. ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿನಲ್ಲಿ ಮಳೆಗಾಲದ ಹಾಳೆಗೆ ಜೋಗವೇ ಬರಬೇಕು. ಹಲ್ಲಿನ ಡಾಕ್ಟರ ಕೊಠಡಿಯ ಹೊರಗೆ ಕೆನ್ನೆ ಒತ್ತಿಕೊಂಡು ಕೂತರೆ ಎದುರಿನ ಗೋಡೆಯಲ್ಲಿ ಜಲಪಾತ. ಮದುವೆ ಛತ್ರದ ಊಟದ ಮನೆಯಲ್ಲಿ ಜಲಪಾತ. ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಮೊಬೈಲಿಗೆ ಬಂದು ಬೀಳುವ ‘ಶುಭೋದಯ’ದ ಹಿಂದೆಯೂ ಅದೇ. ಗಮನವಿಟ್ಟು ನೋಡಿದರೆ ಇವೆಲ್ಲ ಒಂದೇ ತಾಯಿಯ ಮಕ್ಕಳಂತಿವೆ. ಬಂಡೆ ಕರ್ರಗೆ ಮಿಂಚುತ್ತಿರುತ್ತದೆ, ಪಾಚಿ ಹಚ್ಚಗಿರುತ್ತದೆ, ಪಕ್ಕದ ಮರದ ಎಲೆಗಳನ್ನು ಒಂದೊಂದಾಗಿ ಎಣಿಸಬಹುದು. ನಡುವೆ ಇರುವ ನೀರೊಂದು ಮಾತ್ರ ನೀರಿನ ಹಾಗಿರುವುದಿಲ್ಲ. ಅದರಲ್ಲಿ ಹನಿಯಿಲ್ಲ, ನೊರೆಯಿಲ್ಲ, ಸಿಡಿತವಿಲ್ಲ. ಮೇಲಿನಿಂದ ಕೆಳಗಿನವರೆಗೆ ಇಸ್ತ್ರಿ ಮಾಡಿ ಇಳಿಬಿಟ್ಟ ಬಿಳಿಯ ರೇಷ್ಮೆ.

ನಮ್ಮ ಅತ್ತೆಯವರಿಗೆ ಎಂಬತ್ತು ದಾಟಿದೆ. ದಾವಣಗೆರೆಯ ಹತ್ತಿ ಗಿರಣಿಗಳ ಭರಾಟೆಯ ಕಾಲವನ್ನು ಕಂಡವರು. ಒಂದು ದಿನ ಕ್ಯಾಲೆಂಡರಿನ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿಕೊಂಡು ನೋಡಿ, “ಇದೇನವ್ವ, ಅರಳೆ ಹಿಂಜಿ ಗುಡ್ಡಕ್ಕೆ ಹೊದ್ದಿಸ್ಯಾರೇನು?” ಎಂದರು. “ಜೋಗ, ಅತ್ತೆ” ಎಂದೆ. “ಜೋಗ ನಾನೂ ನೋಡೀನಿ. ಇಷ್ಟು ಮೆತ್ತಗಿರಲಿಲ್ಲ ಬಿಡು” ಎಂದು ತಮ್ಮ ಕೆಲಸಕ್ಕೆ ಹೋದರು. ಈ ಬಗೆಯ ಚಿತ್ರಗಳ ಬಗ್ಗೆ ಹೇಳಬೇಕಾದ್ದರಲ್ಲಿ ಅರ್ಧವನ್ನು ಅವರು ಅಲ್ಲಿಗೇ ಹೇಳಿ ಮುಗಿಸಿದ್ದರು. ಉಳಿದ ಅರ್ಧವನ್ನು ನಾನು ಬರೆಯಲು ಹೊರಟಿದ್ದೇನೆ.

ಮೊದಲು ನೀರು ಹೀಗೆ ರೇಷ್ಮೆಯಾಗುವುದು ಹೇಗೆಂದು ತಿಳಿದುಕೊಳ್ಳೋಣ. ಇದರಲ್ಲಿ ಬಣ್ಣ ಬಳಿಯುವ ಮೋಸವೇನೂ ಇಲ್ಲ. ಕ್ಯಾಮೆರಾದೊಳಗೆ ಶಟರ್ ಎಂಬ ಒಂದು ಬಾಗಿಲಿದೆ. ಅದು ತೆರೆದಿರುವಷ್ಟು ಹೊತ್ತು ಬೆಳಕು ಒಳಗೆ ಬಂದು ಚಿತ್ರವಾಗುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆದರೆ, ಬೀಳುತ್ತಿರುವ ಹನಿ ಗಾಳಿಯಲ್ಲೇ ಗಾಜಿನ ಮಣಿಯಂತೆ ನಿಂತುಬಿಡುತ್ತದೆ. ಮೂವತ್ತರ ಒಂದು ಭಾಗಕ್ಕೆ ತೆರೆದರೆ ಹನಿ ಉದ್ದಕ್ಕೆ ಎಳೆದ ಗೆರೆಯಾಗುತ್ತದೆ. ಒಂದು ಸೆಕೆಂಡಿಗೆ ಗೆರೆಗಳೆಲ್ಲ ಸೇರಿ ಪಟ್ಟಿಯಾಗುತ್ತವೆ. ಮೂವತ್ತು ಸೆಕೆಂಡು ತೆರೆದಿಟ್ಟರೆ ಪಟ್ಟಿಯೂ ಕರಗಿ ಮಂಜಾಗುತ್ತದೆ. ಕರಿಹಲಗೆಯ ಒಂದೇ ಜಾಗದಲ್ಲಿ ತರಗತಿಯ ನಲವತ್ತು ಮಕ್ಕಳೂ ಒಬ್ಬರ ಮೇಲೊಬ್ಬರು ತಮ್ಮ ಹೆಸರು ಬರೆದರೆ ಏನಾಗುತ್ತದೆ? ಯಾರ ಹೆಸರೂ ಸಿಗುವುದಿಲ್ಲ, ಸೀಮೆಸುಣ್ಣದ ಬಿಳುಪು ಮಾತ್ರ ಉಳಿಯುತ್ತದೆ. ಈ ಚಿತ್ರಗಳ ಬಿಳುಪು ಅಂಥದು.

ಹಗಲು ಬೆಳಕಿನಲ್ಲಿ ಬಾಗಿಲನ್ನು ಅಷ್ಟು ಹೊತ್ತು ತೆರೆದಿಟ್ಟರೆ ಚಿತ್ರವೆಲ್ಲ ಬಿಳಿಚಿಕೊಂಡು ಹಾಳಾಗುತ್ತದೆ. ಅದಕ್ಕಾಗಿ ಲೆನ್ಸಿನ ಮುಂದೆ ಒಂದು ಕಪ್ಪು ಗಾಜನ್ನು ಹಾಕುತ್ತಾರೆ. ಎನ್‌ಡಿ ಫಿಲ್ಟರ್ ಎಂದು ಅದರ ಹೆಸರು. ‘ಹತ್ತು ಸ್ಟಾಪಿನ ಫಿಲ್ಟರ್’ ಎಂದರೆ ಬೆಳಕನ್ನು ಹತ್ತು ಸಲ ಅರ್ಧರ್ಧ ಮಾಡುವ ಗಾಜು. ಲೆಕ್ಕ ಹಾಕಿ ನೋಡಿ, 1,024ರಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಹೋಗುತ್ತದೆ. ಸೆಕೆಂಡಿನ ಮೂವತ್ತರ ಒಂದು ಭಾಗದಲ್ಲಿ ಮುಗಿಯುತ್ತಿದ್ದ ಚಿತ್ರಕ್ಕೆ ಆಗ ಸುಮಾರು 34 ಸೆಕೆಂಡು ಬೇಕಾಗುತ್ತದೆ. ಅಷ್ಟು ಹೊತ್ತು ಕ್ಯಾಮೆರಾ ಕದಲಬಾರದು, ಅದಕ್ಕೆ ಮೂರು ಕಾಲಿನ ಸ್ಟ್ಯಾಂಡ್. ಇದಕ್ಕೆಲ್ಲ ಹಣ ಬೇಕು, ತಾಳ್ಮೆ ಬೇಕು, ಮುಂಜಾನೆ ಬೇಗ ಎದ್ದು ಒದ್ದೆ ಬಂಡೆಯ ಮೇಲೆ ನಿಲ್ಲುವ ಹಟವೂ ಬೇಕು. ಆ ಶ್ರಮವನ್ನು ನಾನು ಹಗುರವಾಗಿ ಕಾಣುವವಳಲ್ಲ. ಈಗ ಕೆಲವು ಮೊಬೈಲುಗಳು ಈ ಶ್ರಮವನ್ನೂ ತಪ್ಪಿಸಿ, ಹಲವು ಚಿತ್ರಗಳನ್ನು ತಾವೇ ಒಂದರ ಮೇಲೊಂದು ಪೇರಿಸಿ ರೇಷ್ಮೆ ನೇಯ್ದು ಕೊಡುತ್ತವೆ.

ಹಳೆಯ ಕಾಲದ ಫೋಟೋಗಳಲ್ಲೂ ಜಲಪಾತ ಹಾಲಿನಂತೆಯೇ ಇರುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಿಜ. ಹತ್ತೊಂಬತ್ತನೆಯ ಶತಮಾನದ ಗಾಜಿನ ಪ್ಲೇಟುಗಳು ಬಹಳ ನಿಧಾನ. ಬೆಳಕನ್ನು ಹೀರಿಕೊಳ್ಳಲು ಅವಕ್ಕೆ ಸೆಕೆಂಡುಗಟ್ಟಲೆ ಹೊತ್ತು ಬೇಕಾಗುತ್ತಿತ್ತು. ನೀರು ಮಸುಕಾಗುವುದು ಅವರಿಗೆ ಬೇಕಾಗಿ ಆದದ್ದಲ್ಲ, ತಪ್ಪಿಸಲಾಗದೆ ಆದದ್ದು. ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ 1872ರಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯ ಜಲಪಾತಗಳನ್ನು ದೊಡ್ಡ ದೊಡ್ಡ ಗಾಜುಗಳ ಮೇಲೆ ತೆಗೆದ. ಅವುಗಳಲ್ಲಿ ನೀರು ಹೊಗೆಯ ಹಾಗಿದೆ. ಅದೇ ಮನುಷ್ಯ ಅಲ್ಲಿಗೇ ಸುಮ್ಮನಾಗಲಿಲ್ಲ. 1878ರಲ್ಲಿ, ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ವೇಗದ ಶಟರುಗಳನ್ನು ಕಟ್ಟಿ, ಬಿಡುತ್ತವೆ ಎಂದು ತೋರಿಸಿಕೊಟ್ಟ. ಕಣ್ಣಿಗೆ ಸಿಗದೆ ಜಾರಿಹೋಗುವುದನ್ನು ಹಿಡಿದು ತೋರಿಸಬೇಕೆಂಬುದು ಆ ಕಾಲದ ಛಾಯಾಗ್ರಾಹಕರ ಹಂಬಲ. ಅವರು ಕಷ್ಟಪಟ್ಟು ದಾಟಿ ಬಂದ ನಿಧಾನವನ್ನು ಈಗ ನಾವು ಕಪ್ಪು ಗಾಜು ಕೊಂಡು ವಾಪಸು ತರುತ್ತಿದ್ದೇವೆ.

ತರಬಾರದೆಂದು ನಿಯಮವೇನೂ ಇಲ್ಲ. ಹನಿಯನ್ನು ಗಾಜಿನ ಮಣಿ ಮಾಡಿ ನಿಲ್ಲಿಸುವ ವೇಗದ ಚಿತ್ರವೇ ಸತ್ಯ, ನಿಧಾನದ ಚಿತ್ರ ಸುಳ್ಳು ಎಂದು ನಾನು ವಾದಿಸುವುದಿಲ್ಲ. ಗಾಳಿಯಲ್ಲಿ ನಿಂತ ಹನಿಯನ್ನು ನಮ್ಮ ಕಣ್ಣೂ ಎಂದೂ ಕಂಡಿಲ್ಲ. ಜಲಪಾತದ ಮುಂದೆ ನಿಂತಾಗ ಕಣ್ಣು ಏನು ಮಾಡುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಮೊದಲು ಇಡೀ ಪರದೆಯನ್ನು ನೋಡುತ್ತದೆ. ಆಮೇಲೆ ತಲೆಯ ಹತ್ತಿರ ಒಂದು ಬೊಗಸೆ ನೀರನ್ನು ಆರಿಸಿಕೊಂಡು, ಅದರ ಜೊತೆಗೇ ಕೆಳಗಿಳಿಯುತ್ತದೆ. ತಳ ಮುಟ್ಟಿದ ಮೇಲೆ ಮತ್ತೆ ಮೇಲೆ ಹೋಗಿ ಇನ್ನೊಂದು ಬೊಗಸೆ. ಜೋಗದ ಎತ್ತರ 253 ಮೀಟರು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಲೆಕ್ಕ ಮಾಡಿ ಹೇಳಿದಂತೆ, ಗಾಳಿಯ ತಡೆಯನ್ನು ಬಿಟ್ಟರೆ ಮೇಲಿನಿಂದ ಬಿಟ್ಟ ವಸ್ತು ತಳ ಸೇರಲು ಏಳು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಆ ಏಳು ಸೆಕೆಂಡುಗಳಲ್ಲಿ ನೋಡುವವರ ಎದೆ ಒಂದು ಸಲ ಬಾಯಿಗೆ ಬಂದು ಹೋಗುತ್ತದೆ. ನೋಡುವ ಸುಖವೆಲ್ಲ ಇರುವುದು ಅಲ್ಲಿ. ಮೂವತ್ತು ಸೆಕೆಂಡಿನ ಚಿತ್ರ ಇಂಥ ನಾಲ್ಕು ಬೀಳುವಿಕೆಗಳನ್ನು ಒಂದರ ಮೇಲೊಂದು ಒತ್ತಿ, ಒಂದೂ ಬೀಳದಂತೆ ಮಾಡಿಬಿಡುತ್ತದೆ. ನನ್ನ ತಕರಾರು ಇದು. ಚಿತ್ರದಲ್ಲಿ ನೀರಿದೆ, ಬೀಳುವುದು ಇಲ್ಲ.

ಜೋಗದ ವಿಷಯದಲ್ಲಿ ಇನ್ನೂ ಒಂದು ನಷ್ಟವಿದೆ. ಅಲ್ಲಿ ಶರಾವತಿ ನಾಲ್ಕಾಗಿ ಬೀಳುತ್ತಾಳೆ. ನಾಲ್ಕಕ್ಕೂ ನಾಲ್ಕು ಸ್ವಭಾವ. ರಾಜ ಒಂದೇ ಧಾರೆಯಾಗಿ ನೆಟ್ಟಗೆ ಇಳಿಯುತ್ತಾನೆ. ರೋರರ್ ಬಂಡೆಯ ಸೀಳಿನೊಳಗೆ ನುಗ್ಗಿ, ಗರ್ಜಿಸಿಕೊಂಡು ಬಂದು ರಾಜನ ಮಗ್ಗುಲು ಸೇರುತ್ತದೆ. ರಾಕೆಟ್ ಬಂಡೆಗೆ ಬಡಿದು ಬಾಣ ಬಿಟ್ಟಂತೆ ಹೊರಕ್ಕೆ ಚಿಮ್ಮುತ್ತದೆ. ರಾಣಿ ಬಂಡೆಯ ಮೈಮೇಲೆ ನೊರೆನೊರೆಯಾಗಿ ಹರಡಿಕೊಂಡು ಬರುತ್ತಾಳೆ. ಈ ರಾಣಿಗೆ ಹಿಂದೆ ಯುರೋಪಿನವರು ಕೊಟ್ಟಿದ್ದ ಫ್ರೆಂಚ್ ಹೆಸರಿನ ಅರ್ಥ ‘ಬಿಳಿಯುಡುಗೆಯ ಹೆಂಗಸು’ ಎಂದು. ಈಗ ಆ ಮೂವತ್ತು ಸೆಕೆಂಡಿನ ಚಿತ್ರವನ್ನು ನೋಡಿ. ಗರ್ಜನೆಯವನು ಯಾರು, ಚಿಮ್ಮುವವನು ಯಾರು ಗುರುತಿಸಿ. ಆಗುವುದಿಲ್ಲ. ನಾಲ್ವರೂ ಬಿಳಿಯುಡುಗೆಯ ಹೆಂಗಸರೇ ಆಗಿ ಸಾಲಾಗಿ ನಿಂತಿರುತ್ತಾರೆ. ಬೆಳ್ಳಗೆ, ಮೆತ್ತಗೆ, ಸದ್ದಿಲ್ಲದೆ. ‘ವಧು ಬೇಕಾಗಿದೆ’ ಜಾಹೀರಾತಿನವರಿಗೆ ಈ ಜೋಗ ಪೂರ್ತಿ ಒಪ್ಪಿಗೆಯಾಗಬಹುದು.

ಹಳಬರು ಜಲಪಾತಗಳನ್ನು ಕಣ್ಣಿನಿಂದ ನೋಡಿದ್ದಕ್ಕಿಂತ ಕಿವಿಯಿಂದ ಕೇಳಿದ್ದು ಹೆಚ್ಚೇನೋ ಎಂದು ನನಗೆ ಅನ್ನಿಸುವುದುಂಟು. ಸಿದ್ದಾಪುರ ತಾಲ್ಲೂಕಿನಲ್ಲಿ ಅಘನಾಶಿನಿ ನದಿ 116 ಮೀಟರು ಧುಮುಕುವ ಉಂಚಳ್ಳಿ ಜಲಪಾತವಿದೆಯಲ್ಲ, ಅದಕ್ಕೆ 1845ರಲ್ಲಿ ಅದನ್ನು ಕಂಡ ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಅಂಟಿಕೊಂಡಿತು. ಊರಿನವರು ಕರೆದದ್ದು ಮಾತ್ರ ‘ಕೆಪ್ಪ ಜೋಗ’ ಎಂದು. ಎದುರಿಗೆ ನಿಂತವರ ಕಿವಿ ಕೆಪ್ಪಾಗುವಷ್ಟು ಅದರ ಸದ್ದು. ಅಧಿಕಾರಿಯ ಹೆಸರಿನಲ್ಲಿ ಜಲಪಾತದ ಗುಣ ಏನೂ ಇಲ್ಲ, ಊರಿನವರ ಹೆಸರಿನಲ್ಲಿ ಪೂರ್ತಿ ಜಲಪಾತವೇ ಇದೆ. ಫೋಟೋಗೆ ಸದ್ದು ಕೊಡಲು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಒಳ್ಳೆಯ ಚಿತ್ರ ನೋಡಿದಾಗ ಸದ್ದು ನೆನಪಾಗಬೇಕು. ಚಿಮ್ಮಿದ ಒಂದು ಹನಿ, ಬಂಡೆಯ ಅಂಚಿನಲ್ಲಿ ಒಡೆದ ಒಂದು ತೆರೆ, ಇಷ್ಟಿದ್ದರೂ ಕಿವಿ ಎಚ್ಚರಗೊಳ್ಳುತ್ತದೆ. ರೇಷ್ಮೆಯ ಚಿತ್ರ ನೋಡಿದರೆ ನಿದ್ದೆ ಬರುತ್ತದೆ. ಆಸ್ಪತ್ರೆಗಳಲ್ಲಿ ಅದನ್ನು ತೂಗುಹಾಕುವುದು ಅದಕ್ಕೇ ಇರಬಹುದು.

ಕನ್ನಡ ಕಲಿಸುವವಳಾಗಿ ನಾನು ಇನ್ನೊಂದನ್ನು ಗಮನಿಸಿದ್ದೇನೆ. ಬೀಳುವ ನೀರಿಗೆ ನಮ್ಮ ಭಾಷೆಯಲ್ಲಿ ಎಷ್ಟು ಕ್ರಿಯಾಪದಗಳು! ಧುಮುಕು, ಧುಮ್ಮಿಕ್ಕು, ಭೋರ್ಗರೆ, ಚಿಮ್ಮು, ಸಿಡಿ, ಉಕ್ಕು, ಜಿನುಗು, ತೊಟ್ಟಿಕ್ಕು, ಸುರಿ, ಇಳಿ. ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ. ಈ ಚಿತ್ರಗಳ ಕೆಳಗೆ ಬರೆದಿರುವುದನ್ನು ಓದಿ. ‘ಹಾಲಿನ ಹೊಳೆ’, ‘ಬೆಳ್ಳಿಯ ಪರದೆ’, ‘ರೇಷ್ಮೆಯ ಸೆರಗು’. ಒಂದೂ ಕ್ರಿಯಾಪದವಿಲ್ಲ, ಎಲ್ಲ ನಾಮಪದಗಳು. ಬರೆದವರನ್ನು ಬೈದು ಪ್ರಯೋಜನವಿಲ್ಲ, ಚಿತ್ರದಲ್ಲಿ ಏನೂ ನಡೆಯುತ್ತಿಲ್ಲವಾದ್ದರಿಂದ ಕ್ರಿಯಾಪದ ಎಲ್ಲಿಂದ ತಂದಾರು? ನನ್ನ ತರಗತಿಯ ಮಕ್ಕಳು ಪ್ರಬಂಧದಲ್ಲಿ ‘ಜೋಗವು ಹಾಲಿನಂತಿದೆ’ ಎಂದು ಬರೆದು ನಿಲ್ಲಿಸಿಬಿಡುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ಮಕ್ಕಳು ಜೋಗವನ್ನು ಕಂಡಿಲ್ಲ, ಜೋಗದ ಚಿತ್ರವನ್ನು ಕಂಡಿದ್ದಾರೆ.

ಹಾಲಿನಂಥ ನೀರನ್ನು ನೋಡಿ ಬೆಳೆದವರಿಗೆ ನೀರಿನ ಭಯ ಹೇಗೆ ಬರಬೇಕು ಎಂಬ ಯೋಚನೆಯೂ ನನ್ನನ್ನು ಕಾಡುತ್ತದೆ. ಪ್ರತಿ ಮಳೆಗಾಲದಲ್ಲೂ ಪತ್ರಿಕೆಯ ಒಳಪುಟಗಳಲ್ಲಿ, ಜಲಪಾತದ ಬಂಡೆಯ ಮೇಲೆ ಕಾಲು ಜಾರಿದ ಹುಡುಗರ ಸುದ್ದಿ ಓದುತ್ತೇವೆ. ಅದಕ್ಕೆ ಚಿತ್ರಗಳೇ ಕಾರಣ ಎಂದರೆ ಅತಿಯಾಯಿತು. ಆದರೆ ಆ ಮಕ್ಕಳಿಗೆ ನೀರಿನ ಕೋಪವನ್ನು ಯಾರಾದರೂ ತೋರಿಸಿದ್ದರೇ?

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಬಗೆಯ ಚಿತ್ರಕ್ಕೆ ಜೋರು ಮಳೆಗಾಲ ಆಗಿಬರುವುದಿಲ್ಲ. ಆಗ ಕಣಿವೆಯ ತುಂಬ ಮಂಜು, ಲೆನ್ಸಿನ ಮೇಲೆಲ್ಲ ತುಂತುರು, ನೀರು ಕೆಂಪು. ಮಳೆ ಹಿಂದೆ ಸರಿದು ನೀರು ತಿಳಿಯಾಗಿ, ಧಾರೆ ಸಪೂರವಾದಾಗ ರೇಷ್ಮೆ ಚೆನ್ನಾಗಿ ಬರುತ್ತದೆ. ಸಪೂರ ಧಾರೆ ಗಾಳಿಗೆ ಅತ್ತಿತ್ತ ಓಲಾಡುತ್ತದಲ್ಲ, ಮೂವತ್ತು ಸೆಕೆಂಡಿನಲ್ಲಿ ಅದು ಓಲಾಡಿದ ಜಾಗವೆಲ್ಲ ಬಿಳಿಯಾಗಿ, ಎರಡೆಳೆಯ ನೀರು ಅಗಲವಾದ ಪರದೆಯಂತೆ ಕಾಣುತ್ತದೆ. ಕ್ಯಾಮೆರಾ ಬೇರೆ ಬೇರೆ ಗಳಿಗೆಗಳ ನೀರನ್ನು ಕೂಡಿ ಒಂದೇ ಗಳಿಗೆಯ ನೀರೆಂದು ತೋರಿಸುತ್ತದೆ. ತಿಂಗಳ ಸಂಬಳವನ್ನೆಲ್ಲ ಒಂದೇ ದಿನದ ಆದಾಯ ಎಂದು ಹೇಳಿದ ಹಾಗೆ.

ಜೋಗಕ್ಕೆ ನೀರು ಕಡಿಮೆಯಾದದ್ದು ಹೇಗೆಂಬ ಕಥೆ ನಮ್ಮ ಜಿಲ್ಲೆಗಳವರಿಗೆ ಗೊತ್ತಿರುವುದೇ. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಶುರುಮಾಡಿತು. 1964ರಲ್ಲಿ ಮೇಲ್ಭಾಗದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಲ್ಲಿಂದ ಮುಂದೆ ಶರಾವತಿಯ ನೀರು ಮೊದಲು ಯಂತ್ರಗಳಿಗೆ, ಆಮೇಲೆ ಜಲಪಾತಕ್ಕೆ. ಒಳ್ಳೆಯ ಮಳೆಯಾಗಿ, ಜಲಾಶಯ 1,819 ಅಡಿ ಮುಟ್ಟಿ, ಬಾಗಿಲು ತೆಗೆದಾಗ ಹಳೆಯ ಜೋಗ ಕೆಲವು ದಿನ ಎದ್ದು ಬರುತ್ತದೆ. ಬೇಸಿಗೆಯಲ್ಲಿ ಹೋದವರು ಬಂಡೆ ನೋಡಿ ಬರುತ್ತಾರೆ. ನಮ್ಮ ಮನೆಗಳಲ್ಲಿ ದೀಪ ಉರಿಯುವುದು, ಮಿಕ್ಸಿ ತಿರುಗುವುದು ಆ ನೀರಿನಿಂದಲೂ ಹೌದು, ಆದ್ದರಿಂದ ಅಣೆಕಟ್ಟನ್ನು ಬೈದು ಕೈ ತೊಳೆದುಕೊಳ್ಳುವ ಹಕ್ಕು ನನಗಿಲ್ಲ. ಆದರೆ ಆ ಜಲಾಶಯದ ಅಡಿಯಲ್ಲಿ ಊರುಗಳಿವೆ. ಮನೆ, ತೋಟ, ದೇವಸ್ಥಾನ ಬಿಟ್ಟು ಎದ್ದುಹೋದ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳವರೆಗೆ ಎಳೆಯಿತು. ಸಾಗರದ ನಾ. ಡಿಸೋಜ ಅವರು 2025ರಲ್ಲಿ ತೀರಿಕೊಳ್ಳುವವರೆಗೂ ಈ ಮುಳುಗಡೆಯ ಜನರ ಬರಹಗಾರರಾಗಿಯೇ ಇದ್ದರು. ಅವರ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿಯವರು 2002ರಲ್ಲಿ ಸಿನಿಮಾ ಮಾಡಿದರು. ಅದರಲ್ಲಿ ಸೌಂದರ್ಯ ಅಭಿನಯಿಸಿದ ಹೆಣ್ಣುಮಗಳು ಅಂಗಳಕ್ಕೆ ಏರಿ ಬರುವ ನೀರನ್ನು ಎದುರಿಸುತ್ತಾಳೆ. ಆ ನೀರನ್ನು ಹಾಲೆಂದು ಕರೆಯಲು ಯಾರಿಗೂ ಬಾಯಿ ಬರಲಾರದು. ಅದೇ ನದಿಯ ನೀರು ಕ್ಯಾಲೆಂಡರಿನಲ್ಲಿ ರೇಷ್ಮೆಯಾಗಿ, ಸಮೃದ್ಧಿಯ ಹಾಗೆ ಕಾಣುವಾಗ, ಕೊರತೆಯೊಂದಕ್ಕೆ ಸೆರಗು ಹೊದಿಸಿದಂತೆ ನನಗೆ ತೋರುತ್ತದೆ. ಬಡತನವಿದ್ದ ಮನೆಯವರು ನೆಂಟರು ಬಂದಾಗ ಹಾಲಿಗೆ ನೀರು ಬೆರೆಸುತ್ತಿದ್ದರು. ಇಲ್ಲಿ ನೀರಿಲ್ಲದ್ದಕ್ಕೆ ಹಾಲು ಬೆರೆಸಿದ್ದಾರೆ.

ನಿಧಾನದ ಕ್ಯಾಮೆರಾ ನೀರನ್ನಷ್ಟೇ ಮಾಯ ಮಾಡುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಜೋಗದಲ್ಲಲ್ಲ, ನಮ್ಮ ಕತ್ತಲಗೆರೆಯ ಕಡೆಯೇ. ಇಲ್ಲಿ ಜಲಪಾತವಿಲ್ಲ. ಕೃಷಿ ಸಂಶೋಧನಾ ಕೇಂದ್ರವಿದೆ, ಅಡಿಕೆ ತೋಟಗಳಿವೆ, ಭತ್ತದ ಗದ್ದೆಗಳಿವೆ, ಭದ್ರಾ ನಾಲೆಯ ನೀರಿದೆ. ನಾಲೆಯ ನೀರು ಒಂದು ಮಟ್ಟದಿಂದ ಕೆಳಮಟ್ಟಕ್ಕೆ ಇಳಿಯುವಲ್ಲಿ ಕಲ್ಲಿನ ಕಟ್ಟೆ ಕಟ್ಟಿರುತ್ತಾರೆ, ಎಂಜಿನಿಯರುಗಳ ಮಾತಿನಲ್ಲಿ ಅದು ‘ಡ್ರಾಪ್’. ಆಳೆತ್ತರದ ಬೀಳು ಅಷ್ಟೇ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಹಬ್ಬಕ್ಕೆ ಬಂದಾಗ ಕ್ಯಾಮೆರಾ, ಸ್ಟ್ಯಾಂಡ್, ಕಪ್ಪು ಗಾಜು ಎಲ್ಲ ಹೊತ್ತುಕೊಂಡು ಬಂದಿದ್ದ. ಸಂಜೆ ಅಲ್ಲಿಗೆ ಹೊರಟ, ಜೊತೆಗೆ ನಾನೂ ಹೋದೆ. ಬೀಳುವಿನ ಕೆಳಗೆ ನಾಲ್ಕು ಜನ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಏರಿಯ ಮೇಲೆ ಯಜಮಾನರೊಬ್ಬರು ಬೀಡಿ ಹಚ್ಚಿಕೊಂಡು ಕೂತಿದ್ದರು. ಎರಡು ನಿಮಿಷದ ಚಿತ್ರ ತೆಗೆದು, ಹಿಂದಿನ ಪರದೆಯಲ್ಲಿ ತೋರಿಸಿ, “ನೋಡಿ ದೊಡ್ಡಮ್ಮ, ಎಷ್ಟು ಕ್ಲೀನಾಗಿ ಬಂದಿದೆ, ಯಾರೂ ಇಲ್ಲ” ಎಂದ.

“ಯಾರೂ ಇಲ್ಲ ಅಂದ್ರೆ? ನಾಲ್ಕು ಜನ ಬಟ್ಟೆ ಒಗೀತಿದ್ರಲ್ಲೋ.”

“ಅವರು ಅಲ್ಲಾಡ್ತಿದ್ರಲ್ಲ ದೊಡ್ಡಮ್ಮ, ಅದಕ್ಕೆ ಹೋದ್ರು. ಟೂರಿಸ್ಟ್ ಜಾಗದಲ್ಲಿ ಜನ ಬೀಳಬಾರದು ಅಂದ್ರೂ ಹಿಂಗೇ ತೆಗೀತಾರೆ.”

ಚಿತ್ರವನ್ನು ಹಿಗ್ಗಿಸಿ ನೋಡಿದೆ. ಒಗೆಯುವ ಕಲ್ಲು ಇತ್ತು. ಬಕೆಟ್ಟು ಇತ್ತು. ಹಿಂಡಿಟ್ಟ ಬಟ್ಟೆಯ ಗುಡ್ಡೆ ಇತ್ತು. ಹೆಂಗಸರಿದ್ದ ಜಾಗದಲ್ಲಿ ತೆಳ್ಳನೆಯ ಹೊಗೆಯಂಥದೇನೋ ಇತ್ತು. ಏರಿಯ ಮೇಲಿನ ಯಜಮಾನರು ಮಾತ್ರ ಬೀಡಿಯ ಸಮೇತ ಸ್ಪಷ್ಟವಾಗಿ ಮೂಡಿದ್ದರು!

ಹುಡುಗನ ತಪ್ಪೇನಿಲ್ಲ, ಅದು ಆ ವಿಧಾನದ ಗುಣ. ಫೋಟೋಗ್ರಫಿಯ ಹುಟ್ಟಿನಲ್ಲೇ ಆ ಗುಣವಿದೆ. 1838ರಲ್ಲಿ ಪ್ಯಾರಿಸ್ಸಿನ ಡಾಗೆರ್ ಎಂಬಾತ ತನ್ನ ಕಿಟಕಿಯಿಂದ ಒಂದು ಬೀದಿಯ ಚಿತ್ರ ತೆಗೆದ. ಜನ, ಗಾಡಿ, ಕುದುರೆಗಳಿಂದ ಗಿಜಿಗುಡುವ ಬೀದಿ ಅದು. ಚಿತ್ರಕ್ಕೆ ಹಲವು ನಿಮಿಷ ಹಿಡಿದದ್ದರಿಂದ ಓಡಾಡುತ್ತಿದ್ದವರೆಲ್ಲ ಅಳಿಸಿಹೋಗಿ ಬೀದಿ ಬಿಕೋ ಎನ್ನುತ್ತಿದೆ. ಮೂಲೆಯಲ್ಲಿ ಒಬ್ಬ ಮನುಷ್ಯ ಮಾತ್ರ ಉಳಿದುಕೊಂಡಿದ್ದಾನೆ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಕಾಲು ಚಾಚಿ ನಿಂತವನು. ಫೋಟೋದಲ್ಲಿ ಮೂಡಿದ ಮೊದಲ ಮನುಷ್ಯ ಎಂದು ಅವನನ್ನು ಹೇಳುತ್ತಾರೆ. ಪಾಲಿಶ್ ಹಾಕುತ್ತಿದ್ದವನ ಕೈ ಆಡುತ್ತಿತ್ತಲ್ಲ, ಅವನು ಅಷ್ಟು ಸ್ಪಷ್ಟವಾಗಿಲ್ಲ. ಕೆಲಸ ಮಾಡಿಸಿಕೊಂಡವನು ಉಳಿದ, ಮಾಡಿದವನು ಮಸುಕಾದ.

ಇದನ್ನು ಓದುವ ಗೃಹಿಣಿಯರಿಗೆ, ಕಚೇರಿಗೂ ಮನೆಗೂ ಓಡಾಡುವ ಹೆಣ್ಣುಮಕ್ಕಳಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ನಮ್ಮ ಮನೆಗಳ ಮೇಲೊಂದು ಕ್ಯಾಮೆರಾ ತೆರೆದಿಟ್ಟರೆ ಯಾರು ಮೂಡುತ್ತಾರೆ, ಯಾರು ಹೊಗೆಯಾಗುತ್ತಾರೆ ಎಂದು ನೀವೇ ಊಹಿಸಿ. ಸೋಫಾ ಮೂಡುತ್ತದೆ, ಪೇಪರ್ ಹಿಡಿದವರು ಮೂಡುತ್ತಾರೆ. ‘ಮನೆ ಎಷ್ಟು ಚೊಕ್ಕಟವಾಗಿದೆ!’ ಎಂದು ಬಂದವರು ಹೇಳುತ್ತಾರೆ. ಚೊಕ್ಕಟ ಮಾಡಿದವರು ಚಿತ್ರದಲ್ಲಿ ಇರುವುದಿಲ್ಲ. ಜಲಪಾತದ ವಿಷಯವೂ ಬೇರೆಯಲ್ಲ. ಆ ಬಂಡೆಯನ್ನು ಕೊರೆದು ಕಣಿವೆ ಮಾಡಿದ್ದು ಓಡುವ ನೀರು. ಚಿತ್ರದಲ್ಲಿ ಬಂಡೆಯ ಒಂದೊಂದು ಗೆರೆಯೂ ಇದೆ, ಕೆಲಸ ಮಾಡಿದ ನೀರು ಮಂಜಾಗಿದೆ.

ಹಾಗಾದರೆ ಈ ವಿಧಾನವನ್ನೇ ಬಿಡಬೇಕೇ? ಹಾಗೇನೂ ಇಲ್ಲ. ನಿಧಾನಕ್ಕೂ ಒಂದು ಅರ್ಥವಿರುವ ಕಡೆ ಅದು ದೊಡ್ಡ ಕಲೆಯಾಗುತ್ತದೆ. ಜಪಾನಿನ ಹಿರೋಶಿ ಸುಗಿಮೋಟೊ 1970ರ ದಶಕದಲ್ಲಿ ಚಿತ್ರಮಂದಿರಗಳ ಒಳಗೆ ಕ್ಯಾಮೆರಾ ಇಟ್ಟು, ಇಡೀ ಸಿನಿಮಾ ಮುಗಿಯುವವರೆಗೆ ಶಟರ್ ತೆರೆದಿಡಲು ಶುರುಮಾಡಿದರು. ಪ್ರೇಮ, ಜಗಳ, ಸಾವು ಎಲ್ಲ ಕೂಡಿ ಪರದೆ ಬರಿಯ ಬಿಳಿ ಬೆಳಕಾಗಿ ನಿಂತಿದೆ. ಅಲ್ಲಿ ಅಳಿಸಿಹೋಗುವುದೇ ಚಿತ್ರದ ವಿಷಯ, ನೋಡುವವರಿಗೂ ಅದು ಗೊತ್ತು. ಕ್ಯಾಲೆಂಡರಿನ ಜಲಪಾತದಲ್ಲಿ ಅಳಿಸಿದ್ದು ಗೊತ್ತೇ ಆಗುವುದಿಲ್ಲ. ಇನ್ನು, ಅದೇ ನಾಲೆಯ ಬೀಳನ್ನು ನಮ್ಮ ಹುಡುಗ ಕಾಲು ಸೆಕೆಂಡಿಗೂ ಒಂದು ಸಲ ತೆಗೆದಿದ್ದ. ಅದು ನನಗೆ ಹಿಡಿಸಿತು. ನೀರು ಎಳೆಎಳೆಯಾಗಿ ಇಳಿಯುತ್ತಿತ್ತು, ಬಂಡೆಗೆ ಬಡಿದಲ್ಲಿ ಚೂರಾಗಿತ್ತು. ಹೆಂಗಸರು ಮಸುಕಾಗಿದ್ದರೂ ಇದ್ದರು. ಎತ್ತಿದ ತೋಳಿನ ವೇಗ ಆ ಮಸುಕಿನಲ್ಲೇ ಕಾಣುತ್ತಿತ್ತು. ಮಸುಕಿನಲ್ಲಿ ದೋಷವಿಲ್ಲ, ಅಳತೆ ಮೀರುವುದರಲ್ಲಿದೆ. ಉಪ್ಪು ಹಾಕಿದ ಹಾಗೆ.

ಸಿನಿಮಾದವರಿಗೆ ಈ ಅಳತೆ ಕೆಲಸದಲ್ಲೇ ಸಿಕ್ಕಿದೆ. ಅವರ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ, ಸಾಮಾನ್ಯವಾಗಿ ಪ್ರತಿಯೊಂದೂ ಸೆಕೆಂಡಿನ 48ರ ಒಂದು ಭಾಗದಷ್ಟು. 1992ರ ‘ಜೀವನ ಚೈತ್ರ’ದಲ್ಲಿ ಮೂಗೂರು ಮಲ್ಲಪ್ಪನವರ ಜೋಗದ ಹಾಡು ಬರುವಾಗಲೂ, 2006ರ ‘ಮುಂಗಾರು ಮಳೆ’ಯಲ್ಲೂ ಜೋಗ ನಿಜವಾಗಿ ಬೀಳುತ್ತದೆ. ನಮ್ಮೂರುಗಳ ಹೆಂಗಸರು ಟಾಕೀಸಿನಲ್ಲಿ ಅದನ್ನು ನೋಡಿ ಒಮ್ಮೆ ಹೋಗಿಬರಬೇಕು ಎಂದುಕೊಂಡದ್ದು ಅದಕ್ಕೇ. ಸ್ಥಿರ ಚಿತ್ರದಲ್ಲೂ ನಮಗೆ ಮಾದರಿಗಳಿಲ್ಲದೆ ಇಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಬದುಕಿಡೀ ತೆಗೆದದ್ದು ಸಾಮಾನ್ಯ ಜನರನ್ನು, ಅವರ ಕೆಲಸ, ನಗು, ದುಃಖಗಳ ನಡುವೆ. ಅವರ ಚಿತ್ರಗಳಲ್ಲಿ ಅಲ್ಲಾಡುವವರು ಉಳಿದುಕೊಂಡಿದ್ದಾರೆ.

ನನಗೊಂದು ಸಣ್ಣ ಆಸೆಯಿದೆ. ಔಷಧಿಯ ಬಾಟಲಿಯ ಮೇಲೆ ತಾರೀಕು ಬರೆದಿರುವಂತೆ, ಪ್ರತಿ ಜಲಪಾತದ ಚಿತ್ರದ ಕೆಳಗೆ ಎರಡು ಮಾಹಿತಿ ಇರಬೇಕು. ಎಷ್ಟು ಸೆಕೆಂಡಿನ ಚಿತ್ರ, ಯಾವ ತಿಂಗಳ ನೀರು. ಅಷ್ಟಿದ್ದರೆ ರೇಷ್ಮೆ ಬೇಕಾದವರು ರೇಷ್ಮೆಯೆಂದೇ ತಿಳಿದು ನೋಡುತ್ತಾರೆ, ಮಕ್ಕಳು ಅದನ್ನೇ ಜೋಗವೆಂದು ನಂಬುವುದು ತಪ್ಪುತ್ತದೆ. ಮುದ್ರಕರು ಬರೆಯದಿದ್ದರೆ ನಾವು ಕೇಳಬಹುದು. ಮನೆಗೆ ಬಂದ ಹುಡುಗನೋ ಹುಡುಗಿಯೋ ಮೊಬೈಲಿನಲ್ಲಿ ಅಂಥದೊಂದು ಚಿತ್ರ ತೋರಿಸಿದಾಗ ಚೆಂದ ಅನ್ನಿ, ತೆಗೆದವರಿಗೆ ಅದು ಸಲ್ಲಬೇಕಾದ್ದೇ. ಆಮೇಲೆ ಕೇಳಿ: ಎಷ್ಟು ಹೊತ್ತು ತೆರೆದಿಟ್ಟಿದ್ದೆ? ಆಗ ಅಲ್ಲಿ ಯಾರ್ಯಾರಿದ್ದರು?